ತೂತಿಗೆ ತಕ್ಕ ಪಿನ್

ದಪ್ಪ ಅಳೆಯುವ ಉಪಕರಣ ಮೈಕ್ರೋಮೀಟರ್ 2.38 ಮಿಲಿಮೀಟರ್ ಎನ್ನುತ್ತದೆ. ಪಿನ್ನನ್ನು ಸ್ವಲ್ಪ ತಿರುಗಿಸಿ ಮತ್ತೆ ಹಿಡಿದರೆ ಆಗಲೂ 2.38. ಈ ತುದಿ, ಆ ತುದಿ, ನಡುವೆ, ಎಲ್ಲಿ ಅಳೆದರೂ ಅಷ್ಟೇ. ತೂತು ಅದಕ್ಕಿಂತ 0.005 ಮಿಲಿಮೀಟರ್ ದೊಡ್ಡದಿದೆ. ಆದರೂ ಪಿನ್ ಒಳಗೆ ಹೋಗುತ್ತಿಲ್ಲ.

ಹಳೆಯ ಮಡಚುವ ಚಾಕುವೊಂದನ್ನು ಸರಿಮಾಡುವಾಗ ನನಗೆ ಮೊದಲ ಸಲ ಹೀಗಾಯಿತು. ಮೈಕ್ರೋಮೀಟರ್ ಕೆಟ್ಟಿದೆ ಅಂದುಕೊಂಡೆ. ಅದು ಸರಿಯಾಗಿಯೇ ಇತ್ತು. ಪಿನ್ ಗುಂಡಗಿರಲಿಲ್ಲ. ಎಲ್ಲ ಕಡೆ ಒಂದೇ ಅಗಲ ಇದ್ದೂ ಗುಂಡಗಿಲ್ಲದ ಆಕಾರ ಇರಬಹುದು ಅಂತ ಆವತ್ತು ಗೊತ್ತಾಯಿತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಇಷ್ಟು ಚಿಕ್ಕ ಕಂಬಿಗೆ ಇಷ್ಟೊಂದು ಕರಾರುವಾಕ್ ಅಳತೆ ಯಾಕೆ ಬೇಕು ಅನ್ನುವುದನ್ನು ಮೊದಲು ನೋಡೋಣ.

ಜೇಬಿನಲ್ಲಿಟ್ಟುಕೊಳ್ಳುವ ಚಾಕುಗಳಲ್ಲಿ ಲಾಕ್ ಇಲ್ಲದ ಹಳೆಯ ಬಗೆಯದ್ದೊಂದಿದೆ. ಒಂದು ಅಲಗು, ಬೆನ್ನಿನ ಉದ್ದಕ್ಕೂ ಒಂದು ಸ್ಪ್ರಿಂಗ್ ಪಟ್ಟಿ, ಎರಡು ಪಕ್ಕಗಳಲ್ಲಿ ತಗಡು. ಇವನ್ನೆಲ್ಲ ಹಿಡಿದಿಟ್ಟಿರುವುದು ಬೆರಳೆಣಿಕೆಯ ಪಿನ್‌ಗಳು, ಸ್ಕ್ರೂ ಇಲ್ಲ. ಅಲಗು ತಿರುಗುವುದೂ ಒಂದು ಪಿನ್ನಿನ ಮೇಲೆಯೇ. ಆ ಪಿನ್ನಿನಿಂದ ಸ್ಪ್ರಿಂಗ್ ತಾಗುವ ಜಾಗಕ್ಕೆ 6 ಮಿ.ಮೀ., ಅಲಗಿನ ತುದಿಗೆ 75 ಮಿ.ಮೀ. ಅಂದುಕೊಳ್ಳಿ. ಬುಡದಲ್ಲಿ ಆಗುವ ಅಲುಗಾಟ ತುದಿಯಲ್ಲಿ ಸುಮಾರು 12 ಪಟ್ಟು ದೊಡ್ಡದಾಗಿ ಕಾಣುತ್ತದೆ. ಪಿನ್ನಿಗೂ ತೂತಿಗೂ ನಡುವೆ 0.05 ಮಿ.ಮೀ. ಸಡಿಲ ಇದ್ದರೆ, ಅದು ಒಂದು ತೆಳು ಕೂದಲಿನ ದಪ್ಪ, ತುದಿ 0.6 ಮಿ.ಮೀ. ಮೇಲೆ ಕೆಳಗೆ ಆಡುತ್ತದೆ. ಕೈಗೆ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. ಹಾಗಂತ ಸಡಿಲವೇ ಇಲ್ಲದಿದ್ದರೆ ಅಲಗು ತಿರುಗುವುದಿಲ್ಲ.

ಅಂಗಡಿಯಿಂದ ತಂದ ರಾಡನ್ನೇ ಕತ್ತರಿಸಿ ಹಾಕಬಹುದಲ್ವಾ? ಅಳತೆ ಹೊಂದಿದರೆ ಹಾಕಬಹುದು. ಆದರೆ ಹೊಂದುವುದೇ ಅಪರೂಪ. ಇಂತಹ ಚಾಕುಗಳಲ್ಲಿ ತುಂಬಾ ಕಾಣುವ ಪಿನ್ ಅಳತೆ 3/32 ಇಂಚು, ಅಂದರೆ 2.38 ಮಿ.ಮೀ. ಕೈಗೆ ಸಿಗುವ ರಾಡ್ 2.5 ಮಿ.ಮೀ. ಹಳೆಯ ಚಾಕುವಾದರೆ ಇನ್ನೂ ಕಷ್ಟ. ತೂತು ಸವೆದು ಮೊಟ್ಟೆಯ ಆಕಾರಕ್ಕೆ ಬಂದಿರುತ್ತದೆ. ತೂತನ್ನು ಕೆರೆದು ಅಗಲಿಸುವ ರೀಮರ್ ಹಾಕಿ ಅದನ್ನು ಗುಂಡಗೆ ಮಾಡಿದ ಮೇಲೆ 2.43 ಆಗಬಹುದು, 2.46 ಆಗಬಹುದು, ಆ ಅಳತೆಯ ರಾಡನ್ನು ಯಾರೂ ಮಾರುವುದಿಲ್ಲ. ಅದಕ್ಕೇ ಮೊದಲು ತೂತು, ಆಮೇಲೆ ಪಿನ್. ತೂತನ್ನು ಮತ್ತೆ ಚಿಕ್ಕದು ಮಾಡಲಾಗುವುದಿಲ್ಲ, ಪಿನ್ನನ್ನು ಮಾಡಬಹುದು.

ರಾಡನ್ನು ಸಣ್ಣ ಮಾಡಲು ಎರಡು ದಾರಿ ಇವೆ. ಲೋಹವನ್ನು ಉಜ್ಜಿ ತೆಗೆಯುವುದು ಒಂದು. ಇದ್ದ ಲೋಹವನ್ನೇ ಉದ್ದಕ್ಕೆ ಸರಿಸುವುದು ಇನ್ನೊಂದು.

ಉಜ್ಜುವ ದಾರಿ ಎಲ್ಲರಿಗೂ ಹೊಳೆಯುವಂಥದ್ದು. ರಾಡನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುತ್ತಾ ಅರ ಹಿಡಿಯುವುದು, ಇಲ್ಲವೇ ಎಮರಿ ಪೇಪರ್ ಹಿಡಿಯುವುದು. ಇಲ್ಲಿ ಮೊದಲು ಎದುರಾಗುವುದು ರಾಡಿನ ಬಾಗುವಿಕೆ. ಒಂದು ಕಡೆ ಮಾತ್ರ ಹಿಡಿದಿಟ್ಟ ಕಂಬಿ ಎಷ್ಟು ಬಾಗುತ್ತದೆ ಎನ್ನುವುದು ಉದ್ದದ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ, ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ದಪ್ಪ ಅರ್ಧವಾದರೆ 16 ಪಟ್ಟು ಜಾಸ್ತಿ ಬಾಗುತ್ತದೆ. 2.4 ಮಿ.ಮೀ. ದಪ್ಪದ ಹಿತ್ತಾಳೆ ಕಂಬಿ 50 ಮಿ.ಮೀ. ಹೊರಗೆ ಚಾಚಿದ್ದರೆ, ತುದಿಯಲ್ಲಿ ಬರೀ 100 ಗ್ರಾಂ ಒತ್ತಡಕ್ಕೆ ಕಾಲು ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ನಾವು ತೆಗೆಯಬೇಕಾದದ್ದೇ ಒಂದು ಬದಿಗೆ 0.06 ಮಿ.ಮೀ. ಹೀಗಿರುವಾಗ ಅರ ಎಲ್ಲಿ ತಾಗುತ್ತದೆ, ಎಷ್ಟು ತಿನ್ನುತ್ತದೆ ಎಂದು ಹೇಳುವುದು ಹೇಗೆ? ಅದೇ ಕಂಬಿ 10 ಮಿ.ಮೀ. ಮಾತ್ರ ಹೊರಗಿದ್ದರೆ ಬಾಗುವುದು 0.002 ಮಿ.ಮೀ. ಆದ್ದರಿಂದ ಒಂದು ಪಿನ್ನಿಗೆ ಬೇಕಾದಷ್ಟೇ ಹೊರಗೆ ಬಿಟ್ಟು ಕೆಲಸ ಮಾಡುವುದು ಒಳ್ಳೆಯದು. ಉದ್ದ ಬಿಟ್ಟು ಜೋರಾಗಿ ತಿರುಗಿಸಿದರೆ ಕಂಬಿ ಚಾಟಿಯಂತೆ ಬಳುಕಿ ಕೈಗೆ ಹೊಡೆಯುತ್ತದೆ. ಇದನ್ನು ದಯವಿಟ್ಟು ನೆನಪಿಡಿ.

ಬಾಗುವುದನ್ನು ತಪ್ಪಿಸಲು ಇನ್ನೊಂದು ಉಪಾಯವಿದೆ. ಎಮರಿ ಪೇಪರನ್ನು ಮಡಚಿ ಎರಡು ಚಪ್ಪಟೆ ಪಟ್ಟಿಗಳ ನಡುವೆ ಇಟ್ಟು, ರಾಡನ್ನು ಎರಡೂ ಕಡೆಯಿಂದ ಚಿವುಟಿದಂತೆ ಹಿಡಿಯುವುದು. ಒಂದು ಬದಿಯ ಒತ್ತಡವನ್ನು ಇನ್ನೊಂದು ಬದಿ ಸರಿದೂಗಿಸುತ್ತದೆ, ರಾಡ್ ಎಲ್ಲೂ ಓಡಿಹೋಗುವುದಿಲ್ಲ. ರಾಡನ್ನು ಕಚ್ಚಿ ಹಿಡಿಯುವ ಡ್ರಿಲ್ ಚಕ್ ಸ್ವಲ್ಪ ವಕ್ರವಾಗಿ ತಿರುಗಿದರೂ ಪೇಪರ್ ರಾಡಿನ ಜೊತೆಗೇ ಆಡುವುದರಿಂದ ತೊಂದರೆ ಇಲ್ಲ. ನಾನೂ ಹೀಗೆಯೇ ಮಾಡಿದ್ದೆ. ಮೈಕ್ರೋಮೀಟರ್ ಎಲ್ಲ ಕಡೆ 2.38 ತೋರಿಸಿ ಒಳಗೆ ಹೋಗದ ಪಿನ್ ಹುಟ್ಟಿದ್ದು ಇದೇ ಉಪಾಯದಿಂದ.

ಎರಡು ಚಪ್ಪಟೆ ಬದಿಗಳ ನಡುವೆ ರಾಡ್ ತಿರುಗುವಾಗ ಆ ಬದಿಗಳಿಗೆ ಗೊತ್ತಾಗುವುದು ಅಗಲ ಮಾತ್ರ. ಅಗಲ ಎಲ್ಲಿ ಜಾಸ್ತಿಯೋ ಅಲ್ಲಿ ತಿನ್ನುತ್ತವೆ. ಆದರೆ ರಾಡಿನಲ್ಲಿ ಒಂದು ಕಡೆ ಚಿಕ್ಕ ಉಬ್ಬು ಇದ್ದು ಅದರ ನೇರ ಎದುರಿಗೆ ಅಷ್ಟೇ ತಗ್ಗು ಇದ್ದರೆ? ಅಗಲ ಸರಿಯೇ ಇರುತ್ತದೆ, ಹಾಗಾಗಿ ಉಬ್ಬು ಹಾಗೇ ಉಳಿಯುತ್ತದೆ. ಮೂರು ಉಬ್ಬು, ಅವುಗಳ ಎದುರಿಗೆ ಮೂರು ತಗ್ಗು, ಇಂಥ ಆಕಾರ ಯಾವ ತಡೆಯೂ ಇಲ್ಲದೆ ಬೆಳೆಯಬಹುದು. ಇದರ ಪೂರ್ಣ ರೂಪವನ್ನು ನೋಡಬೇಕಾದರೆ, ಸಮಬಾಹು ತ್ರಿಭುಜ ಬರೆದು, ಪ್ರತಿ ಮೂಲೆಯಲ್ಲೂ ಕೈವಾರದ ಮುಳ್ಳಿಟ್ಟು ಉಳಿದೆರಡು ಮೂಲೆಗಳನ್ನು ಸೇರಿಸುವ ಕಮಾನು ಎಳೆಯಿರಿ. 19ನೇ ಶತಮಾನದ ಜರ್ಮನ್ ಎಂಜಿನಿಯರ್ ಫ್ರಾಂಜ್ ರೂಲೋ ಹೆಸರಿನಿಂದ ಕರೆಯುವ ಉಬ್ಬು ತ್ರಿಭುಜ ಅದು. ಯಾವ ದಿಕ್ಕಿನಿಂದ ಅಳೆದರೂ ಅದರ ಅಗಲ ಒಂದೇ, ಆದರೆ ಅದು ತೂರಬೇಕಾದ ಗುಂಡನೆಯ ತೂತು ಆ ಅಗಲಕ್ಕಿಂತ ಶೇ. 15ರಷ್ಟು ದೊಡ್ಡದಿರಬೇಕು! ನಮ್ಮ ಪಿನ್ನಿನಲ್ಲಿ ಅಷ್ಟೆಲ್ಲ ಇರುವುದಿಲ್ಲ ನಿಜ. ಉಬ್ಬು 0.005 ಮಿ.ಮೀ. ಇದ್ದರೂ ತೂತು 0.01 ಮಿ.ಮೀ. ದೊಡ್ಡದು ಬೇಕಾಗುತ್ತದೆ. ನನ್ನ ತೂತಿನಲ್ಲಿ ಅಷ್ಟು ಜಾಗ ಇರಲಿಲ್ಲ.

ಮೈಕ್ರೋಮೀಟರ್ ಕೂಡ ಎರಡು ಚಪ್ಪಟೆ ಬದಿಗಳೇ ಅಲ್ವಾ? ಪ್ಯಾರಿಸ್ಸಿನ ಜ್ಯಾಂ ಲೊರಾಂ ಪಾಮರ್ 1848ರಲ್ಲಿ ಪೇಟೆಂಟ್ ಪಡೆದ ಉಪಕರಣ ಅದು. ಈಗಿನದ್ದರಲ್ಲಿ ಒಂದು ಸುತ್ತು ತಿರುಗಿಸಿದರೆ ಅರ್ಧ ಮಿ.ಮೀ. ಮುಂದೆ ಸಾಗುವ ಸ್ಕ್ರೂ, ಸುತ್ತಲೂ 50 ಗೆರೆ, ಒಂದು ಗೆರೆಗೆ 0.01 ಮಿ.ಮೀ. ಇಷ್ಟು ಸರಳವಾದ, ಇಷ್ಟು ನಂಬಿಕೆಯ ಉಪಕರಣ ಇನ್ನೊಂದಿಲ್ಲ ಅಂತ ನನಗೆ ಅನಿಸುತ್ತದೆ. ಆದರೆ ಯಾವ ತಪ್ಪನ್ನು ಚಪ್ಪಟೆ ಪಟ್ಟಿಗಳು ಹುಟ್ಟಿಸಿದವೋ ಅದನ್ನು ಇನ್ನೆರಡು ಚಪ್ಪಟೆ ಬದಿಗಳಿಂದ ಹಿಡಿಯಲಾಗುವುದಿಲ್ಲ. ಮೂರು ಕಡೆ ತಾಗುವ ಏರ್ಪಾಡು ಬೇಕು. 60 ಡಿಗ್ರಿಯ ವಿ ಆಕಾರದ ಕೊರೆತದಲ್ಲಿ ಪಿನ್ ಮಲಗಿಸಿ ಮೇಲೆ ಏರಿಳಿತವನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಇಟ್ಟು ತಿರುಗಿಸಿದರೆ, ಮೂರು ಉಬ್ಬಿನ ತಪ್ಪು ಮೂರು ಪಟ್ಟು ದೊಡ್ಡದಾಗಿ ಮುಳ್ಳಿನಲ್ಲಿ ಕುಣಿಯುತ್ತದೆ. ತಪ್ಪು ಬರದಂತೆ ಮಾಡಲು ಚಪ್ಪಟೆ ಪಟ್ಟಿ ಬಿಟ್ಟು, ಒಂದು ತುಂಡು ಲೋಹದಲ್ಲಿ ಬೇಕಾದ ಅಳತೆಯ ತೂತು ಕೊರೆದು, ಒಂದು ಬದಿ ಸೀಳಿ, ಒಳಗೆ ಉಜ್ಜುವ ಪುಡಿ ಸವರಿ ಅದರಲ್ಲಿ ರಾಡ್ ತಿರುಗಿಸಬೇಕು. ಸುತ್ತಲೂ ಒಟ್ಟಿಗೆ ತಾಗುವ ಕಾರಣ ಗುಂಡಗೇ ಬರುತ್ತದೆ. ಕೊನೆಯ ಅಳತೆಯನ್ನು ಪಿನ್ ತಣ್ಣಗಾದ ಮೇಲೆ ತೆಗೆದುಕೊಳ್ಳಿ. ಹಿತ್ತಾಳೆ ಪಿನ್ ತಣ್ಣಗಿದ್ದಾಗಿಗಿಂತ 50 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ 0.002 ಮಿ.ಮೀ. ಉಬ್ಬಿರುತ್ತದೆ.

ಇನ್ನು ಎರಡನೇ ದಾರಿ. ನನಗೆ ಹೆಚ್ಚು ಇಷ್ಟವಾದದ್ದು ಇದೇ.

ಅಕ್ಕಸಾಲಿಗರು ತಂತಿ ಎಳೆಯುವ ಉಕ್ಕಿನ ಪಟ್ಟಿ ನೋಡಿರಬಹುದು, ಸಾಲಾಗಿ ಸಣ್ಣದಾಗುತ್ತಾ ಹೋಗುವ ತೂತುಗಳು. ರಾಡಿನ ತುದಿಯನ್ನು ಚೂಪು ಮಾಡಿ, ಮೇಣವೋ ಸೋಪೋ ಸವರಿ, ತೂತಿನಲ್ಲಿ ತೂರಿಸಿ ಇಕ್ಕಳದಿಂದ ಎಳೆದರೆ ರಾಡ್ ಸಣ್ಣಗಾಗಿ ಆಚೆ ಬರುತ್ತದೆ. ಒಂದು ಚೂರು ಲೋಹವೂ ಕಳೆದುಹೋಗುವುದಿಲ್ಲ. ದಪ್ಪ ಇಳಿದಷ್ಟೂ ಉದ್ದ ಬೆಳೆಯುತ್ತದೆ. 2.5 ರಿಂದ 2.38ಕ್ಕೆ ಬಂದರೆ ಉದ್ದ ಸುಮಾರು ಶೇ. 10 ಹೆಚ್ಚುತ್ತದೆ. ಒಂದೇ ಎಳೆತಕ್ಕೆ ಎಷ್ಟು ಇಳಿಸಬಹುದು ಎನ್ನುವುದಕ್ಕೂ ಮಿತಿಯಿದೆ. ಘರ್ಷಣೆಯೇ ಇಲ್ಲ, ಲೋಹ ಗಡುಸಾಗುವುದೂ ಇಲ್ಲ ಅಂತ ಲೆಕ್ಕ ಹಾಕಿದರೂ, ಅಡ್ಡಕೊಯ್ತದ ವಿಸ್ತೀರ್ಣವನ್ನು ಶೇ. 63ಕ್ಕಿಂತ ಹೆಚ್ಚು ಇಳಿಸಲಾಗುವುದಿಲ್ಲ. ಅದನ್ನು ದಾಟಿದರೆ ಆಚೆ ಬಂದ ತಂತಿಯೇ ತುಂಡಾಗುತ್ತದೆ. ನಮಗೆ ಬೇಕಾದದ್ದು ಶೇ. 9ರಷ್ಟು, ಒಂದೇ ಎಳೆತದಲ್ಲಿ ಮುಗಿಯುತ್ತದೆ.

ಪಟ್ಟಿಯಲ್ಲಿ ನಿಮಗೆ ಬೇಕಾದ ತೂತು ಇಲ್ಲದಿದ್ದರೆ? ರಾಡನ್ನು ಕಾಯಿಸಿ ಮೆತ್ತಗೆ ಮಾಡಿ, ಎರಡೂ ತುದಿ ಗಟ್ಟಿಯಾಗಿ ಹಿಡಿದು, ಸುಮ್ನೆ ಎಳೆಯಿರಿ! 2.42 ಇರುವ ರಾಡ್ 2.38 ಆಗಬೇಕಾದರೆ ಉದ್ದ ಶೇ. 3.4 ಬೆಳೆಯಬೇಕು, ಅಂದರೆ 300 ಮಿ.ಮೀ. ರಾಡಿಗೆ 10 ಮಿ.ಮೀ. ಇದರಲ್ಲಿರುವ ಸೊಗಸು ನೋಡಿ: ಉದ್ದದಲ್ಲಿ 1 ಮಿ.ಮೀ. ಬೆಳೆದರೆ ದಪ್ಪದಲ್ಲಿ 0.004 ಮಿ.ಮೀ. ಇಳಿಯುತ್ತದೆ. ಶಾಲೆಯ ಮಕ್ಕಳ ಅಡಿಪಟ್ಟಿಯಿಂದ ಮೈಕ್ರಾನ್ (0.001 ಮಿ.ಮೀ.) ಲೆಕ್ಕದ ಹತೋಟಿ ಸಿಗುತ್ತದೆ. ಬಿಟ್ಟಾಗ ಅರ್ಧ ಮಿ.ಮೀ. ಆಸುಪಾಸು ಹಿಂದಕ್ಕೆ ಕುಗ್ಗುತ್ತದೆ, ಅಷ್ಟು ಜಾಸ್ತಿ ಎಳೆದಿರಬೇಕು. ಬಲ ಮಾತ್ರ ಕೈಯಲ್ಲಿ ಆಗುವಂಥದ್ದಲ್ಲ, ವೈಸ್ ಮತ್ತು ಉದ್ದನೆಯ ಸನ್ನೆಕೋಲು ಬೇಕು.

ಹೀಗೆ ಎಳೆದಾಗ ಒಂದೇ ಕಡೆ ಸಣಕಲಾಗಿ ಕಿತ್ತುಹೋಗಬೇಕಿತ್ತಲ್ಲ, ಯಾಕೆ ಹೋಗುವುದಿಲ್ಲ? ಸಣ್ಣಗಾದ ಜಾಗ ಅದೇ ಹೊತ್ತಿಗೆ ಗಡುಸೂ ಆಗುತ್ತದೆ, ಆಗ ಪಕ್ಕದ ಮೆತ್ತನೆಯ ಜಾಗ ಹಿಗ್ಗಲು ಶುರುಮಾಡುತ್ತದೆ. ಗಡುಸಾಗುವ ವೇಗ ಸಣ್ಣಗಾಗುವ ವೇಗಕ್ಕಿಂತ ಹೆಚ್ಚಿರುವವರೆಗೆ ರಾಡ್ ಉದ್ದಕ್ಕೂ ಒಂದೇ ಸಮ ಹಿಗ್ಗುತ್ತದೆ. ಫ್ರಾನ್ಸಿನ ಎಂಜಿನಿಯರ್ ಆರ್ಮಾಂ ಕಾನ್ಸಿಡೇರ್ 1885ರಲ್ಲಿ ಕೊಟ್ಟ ವಿವರಣೆ ಇದು. ಮೆತ್ತಗೆ ಮಾಡಿದ ಹಿತ್ತಾಳೆ ಈ ವಿಷಯದಲ್ಲಿ ತುಂಬಾ ಉದಾರಿ. ಸಾಮಾನ್ಯ ಮೈಲ್ಡ್ ಸ್ಟೀಲ್ ಹಾಗಲ್ಲ, ಮೊದಮೊದಲು ಅಲ್ಲೊಂದು ಇಲ್ಲೊಂದು ಪಟ್ಟೆಯಾಗಿ ಹಿಗ್ಗುವುದರಿಂದ ಅದಕ್ಕೆ ಈ ಉಪಾಯ ಬೇಡ. ಇನ್ನೊಂದು ಮಾತು, ಎಳೆದರೆ ದಪ್ಪ ಇಳಿಯುತ್ತದೆ ಅಷ್ಟೇ, ಮೊದಲೇ ಗುಂಡಗಿಲ್ಲದ ರಾಡ್ ಗುಂಡಗಾಗುವುದಿಲ್ಲ.

ಗಡುಸಾಗುವುದು ಅಂದೆನಲ್ಲ, ಪಿನ್ ಕೆಲಸದಲ್ಲಿ ಅದೇ ಮುಖ್ಯ. ಲೋಹದೊಳಗೆ ಪರಮಾಣುಗಳು ಸಾಲು ಸಾಲಾಗಿರುತ್ತವೆ. ಅಲ್ಲಲ್ಲಿ ಸಾಲು ತಪ್ಪಿದ ಗೆರೆಗಳಿರುತ್ತವೆ, ಲೋಹ ಬಾಗುವುದು ಹಿಗ್ಗುವುದು ಈ ಗೆರೆಗಳು ಜಾರುವುದರಿಂದಲೇ. 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಎಂಬ ಮೂವರು ವಿಜ್ಞಾನಿಗಳು ಬೇರೆ ಬೇರೆಯಾಗಿ ಇದನ್ನು ಹೇಳಿದರು. ಎಳೆದಷ್ಟೂ ಬಡಿದಷ್ಟೂ ಗೆರೆಗಳು ಹೆಚ್ಚುತ್ತವೆ, ಒಂದಕ್ಕೊಂದು ನೂಲಿನಂತೆ ಸಿಕ್ಕು ಬೀಳುತ್ತವೆ, ಆಮೇಲೆ ಯಾವುದೂ ಸುಲಭವಾಗಿ ಜಾರುವುದಿಲ್ಲ. ಉಜ್ಜಿ ಇಳಿಸಿದ ಪಿನ್ನಿನ ಒಳಗುಣ ಹೆಚ್ಚುಕಡಿಮೆ ಮೊದಲಿನಂತೆಯೇ ಇರುತ್ತದೆ. ಎಳೆದು ಇಳಿಸಿದ್ದು ಗಡುಸಾಗಿರುತ್ತದೆ. ಅಳತೆ ಎರಡರದ್ದೂ ಒಂದೇ, ಸುತ್ತಿಗೆ ಬಿದ್ದಾಗ ನಡೆದುಕೊಳ್ಳುವುದು ಬೇರೆ.

ಪಿನ್ ಕೊನೆಗೆ ಸುತ್ತಿಗೆಯ ಕೆಳಗೇ ಬರಬೇಕು. ಎರಡೂ ತುದಿಗಳನ್ನು ಸಣ್ಣ ಪೆಟ್ಟುಗಳಿಂದ ಹರಡಿ, ತೂತಿನ ಬಾಯಿಯ ಇಳಿಜಾರಿನಲ್ಲಿ ತುಂಬಿಸಬೇಕು. ಗಡುಸಾದ ಪಿನ್ನಿನ ಅಂಚು ಹರಡದೆ ಸೀಳುತ್ತದೆ. ಹಾಗಾಗಿ ಎಳೆದ ಮೇಲೆ ಮತ್ತೆ ಕಾಯಿಸಿ, ಮಬ್ಬು ಬೆಳಕಿನಲ್ಲಿ ಮಂದ ಕೆಂಪು ಕಂಡೊಡನೆ ನಿಲ್ಲಿಸಿ, ಸಿಕ್ಕು ಬಿಡಿಸಿಕೊಳ್ಳಬೇಕು. ಬಡಿದಾಗ ಹಿತ್ತಾಳೆಯಲ್ಲಿ ಸ್ವಲ್ಪ ಬಿಗಿತ ಉಳಿದೇ ಉಳಿಯುತ್ತದೆ. ಅಂಥ ಹಿತ್ತಾಳೆಗೆ ಅಮೋನಿಯ ತಾಗಿದರೆ ನಾಳೆಯೋ ಮುಂದಿನ ವರ್ಷವೋ ಬಿರುಕು ಬಿಡಬಹುದು, ಅಮೋನಿಯ ಇರುವ ಪಾಲಿಶ್ ಹಾಕಬೇಡಿ.

ಬಡಿಯುವಾಗ ಇನ್ನೊಂದು ಆಗುತ್ತದೆ. ಎಳೆದಾಗ ಉದ್ದವಾಗಿ ಸಣ್ಣಗಾದ ಲೋಹ, ಬಡಿದಾಗ ಗಿಡ್ಡವಾಗಿ ದಪ್ಪವಾಗುತ್ತದೆ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ 0.01 ಮಿ.ಮೀ. ಸಡಿಲ ನಾಲ್ಕು ಪೆಟ್ಟಿಗೆ ಮುಚ್ಚಿಹೋಗಿ ಅಲಗು ಬಿಗಿಯುತ್ತದೆ. ಪಕ್ಕದ ತಗಡುಗಳಲ್ಲಿ ಪಿನ್ ಹೀಗೆ ಉಬ್ಬಿ ಕಚ್ಚಿಕೊಳ್ಳುವುದು ಒಳ್ಳೆಯದೇ, ಅಲಗಿನ ತೂತಿನಲ್ಲಿ ಮಾತ್ರ ಬೇಡ. ಇದಕ್ಕೆ ಕೆಲವರು ಅಲಗಿನ ತೂತಿನೊಳಗೆ ಗಡುಸು ಉಕ್ಕಿನ ಚಿಕ್ಕ ಬುಷ್, ಅಂದರೆ ಕೊಳವೆಯಂಥ ತುಂಡು, ಕೂರಿಸುತ್ತಾರೆ, ಅಲಗಿನ ದಪ್ಪಕ್ಕಿಂತ 0.03 ಮಿ.ಮೀ. ಆಸುಪಾಸು ಉದ್ದದ್ದು. ಪಿನ್ ಬುಷ್ಷಿನೊಳಗೆ ಎಷ್ಟು ಬೇಕಾದರೂ ಉಬ್ಬಲಿ, ತಗಡುಗಳು ಬುಷ್ಷಿಗೆ ಬಂದು ನಿಲ್ಲುತ್ತವೆ, ಅಲಗು ಬುಷ್ಷಿನ ಸುತ್ತ ಆರಾಮಾಗಿ ತಿರುಗುತ್ತದೆ. ಆಮೇಲೆ ತುದಿಗಳನ್ನು ಸಮಕ್ಕೆ ಅರದಿಂದ ಉಜ್ಜಿ ಹೊಳಪು ಕೊಡುವುದಷ್ಟೇ ಬಾಕಿ. ನಿಕಲ್ ಸಿಲ್ವರ್ (ತಾಮ್ರ, ನಿಕಲ್, ಸತುವಿನ ಮಿಶ್ರಲೋಹ) ತಗಡಿಗೆ ಅದೇ ಲೋಹದ ಪಿನ್ ಹಾಕಿ, ಇಳಿಜಾರು ಪೂರ್ತಿ ತುಂಬುವಂತೆ ಬಡಿದಿದ್ದರೆ, ಪಿನ್ ಎಲ್ಲಿದೆ ಅಂತ ಹುಡುಕಿದರೂ ಕಾಣುವುದಿಲ್ಲ.