ಟ್ರಿಯೊ ಸೊನಾಟಾದಲ್ಲಿ ನಾಲ್ಕು ಜನ ಯಾಕೆ?

ಪ್ರಶ್ನೆ: ಜರ್ಮನಿಯ ಸಂಗೀತ ರಚನಕಾರ ಬಾಖ್ ಅವರ ಎರಡು ಫ್ಲೂಟ್‌ಗಳ ಟ್ರಿಯೊ ಸೊನಾಟಾ ವಿಡಿಯೊ ನೋಡಿದೆ. ಟ್ರಿಯೊ ಅಂದರೆ ಮೂವರು ಅಲ್ವಾ? ಅಲ್ಲಿ ನಾಲ್ಕು ಜನ ಕೂತಿದ್ದರು. ಯಾಕೆ?

ತುಂಬಾ ಜನ ಕೇಳುವ ಪ್ರಶ್ನೆ ಇದು. ಸೊನಾಟಾ ಅಂದರೆ ವಾದ್ಯಗಳಿಗೆಂದು ಬರೆದ, ಹಲವು ಭಾಗಗಳ ಕೃತಿ. ಟ್ರಿಯೊ ಸೊನಾಟಾದಲ್ಲಿ ಎಣಿಸುವುದು ಹಾಳೆಯ ಮೇಲೆ ಬರೆದ ಸಾಲುಗಳನ್ನು. ನುಡಿಸುವವರು ಎಷ್ಟು ಮಂದಿ ಅನ್ನುವುದು ಬೇರೆ ಲೆಕ್ಕ.

ನೀವು ಕೇಳಿದ್ದು ಜಿ ಮೇಜರ್ ಸೊನಾಟಾ, ಬಾಖ್ ಕೃತಿಪಟ್ಟಿಯಲ್ಲಿ 1039ನೆಯದು ಇರಬೇಕು. ಅದರ ಹಾಳೆಯಲ್ಲಿ ಮೇಲಿನ ಎರಡು ಸಾಲು ಎರಡು ಫ್ಲೂಟ್‌ಗಳದ್ದು. ಬಾಖ್ ಕಾಲದ, ಅಂದರೆ ಹದಿನೆಂಟನೇ ಶತಮಾನದ ಫ್ಲೂಟ್ ಮರದ್ದು, ನಮ್ಮ ಕೊಳಲಿನ ಹಾಗೆ ಅಡ್ಡ ಹಿಡಿದು ಊದುವಂಥದ್ದು. ಬೆರಳಿಗೆ ಆರು ತೂತು, ಜೊತೆಗೆ ಒಂದೇ ಒಂದು ಕೀಲಿ, ಅಂದರೆ ತೂತು ಮುಚ್ಚಿ ತೆರೆಯುವ ಪುಟ್ಟ ಸನ್ನೆ. ಕೆಳಗಿನ ಮೂರನೇ ಸಾಲು ಮಂದ್ರದ್ದು. ಅದಕ್ಕೆ ಕಂಟಿನ್ಯುಯೊ ಅಂತ ಹೆಸರು. ಈ ಒಂದು ಸಾಲನ್ನು ಇಬ್ಬರು ನುಡಿಸುತ್ತಾರೆ: ಚೆಲ್ಲೊದವರು ಮತ್ತು ಹಾರ್ಪ್ಸಿಕಾರ್ಡ್‌ನವರು.

ಒಂದೇ ಸಾಲಿಗೆ ಇಬ್ಬರು ಯಾಕೆ? ಹಾರ್ಪ್ಸಿಕಾರ್ಡ್ ಪಿಯಾನೊದಂಥ ಕೀಬೋರ್ಡ್ ವಾದ್ಯ, ಆದರೆ ತಂತಿಯನ್ನು ಮೀಟುವಂಥದ್ದು. ಮೀಟಿದ ಸ್ವರ ಬೇಗ ಅಡಗುತ್ತದೆ. ದೊಡ್ಡ ಪಿಟೀಲಿನಂಥ ಚೆಲ್ಲೊ ಕಮಾನಿನಿಂದ ಅದೇ ಸ್ವರವನ್ನು ಎಳೆದು ನಿಲ್ಲಿಸುತ್ತದೆ. ಬಾಖ್ ಅವರ ಮಗ ಕಾರ್ಲ್ ಫಿಲಿಪ್ ಎಮಾನುಯೆಲ್ ಪ್ರಷ್ಯದ ದೊರೆ ಫ್ರೆಡರಿಕ್ ಫ್ಲೂಟ್ ನುಡಿಸುವಾಗ ವರ್ಷಗಟ್ಟಲೆ ಪಕ್ಕವಾದ್ಯ ನುಡಿಸಿದವರು. ಕೀಬೋರ್ಡ್ ಜೊತೆ ಚೆಲ್ಲೊ ಇದ್ದರೆ ಪಕ್ಕವಾದ್ಯ ಪೂರ್ಣ ಅಂತ 1762ರಲ್ಲೇ ಬರೆದಿದ್ದಾರೆ.

ಹಾಗಾದರೆ ಹಾರ್ಪ್ಸಿಕಾರ್ಡ್‌ನವರ ಬಲಗೈ ಏನು ಮಾಡುತ್ತದೆ? ಅದಕ್ಕೆ ಬರೆದ ಸಾಲೇ ಇಲ್ಲ! ಮಂದ್ರದ ಸ್ವರಗಳ ಪಕ್ಕದಲ್ಲಿ ಚಿಕ್ಕ ಅಂಕಿಗಳಿರುತ್ತವೆ, ಅಷ್ಟೇ. ಪಾಶ್ಚಾತ್ಯ ಸ್ವರಗಳ ಹೆಸರು ಎ, ಬಿ, ಸಿ, ಡಿ, ಇ, ಎಫ್, ಜಿ; 'ಜಿ' ಆದ ಮೇಲೆ ಮತ್ತೆ 'ಎ'. 'ಇ' ಸ್ವರಕ್ಕೆ 6 ಅಂತ ಬರೆದಿದೆ ಅಂದುಕೊಳ್ಳಿ. 'ಇ'ಯನ್ನೇ ಒಂದು ಅಂತ ಹಿಡಿದು ಮೇಲಕ್ಕೆ ಎಣಿಸಿದರೆ ಆರನೆಯದು 'ಸಿ'. ನಡುವಿನ ಮೂರನೆಯದು 'ಜಿ' ಹೇಳದೆಯೇ ಸೇರುತ್ತದೆ. ಎಡಗೈಯಲ್ಲಿ 'ಇ', ಬಲಗೈಯಲ್ಲಿ 'ಜಿ' ಮತ್ತು 'ಸಿ'. ಒಟ್ಟಿಗೆ ಒತ್ತಬೇಕೋ, ಬಿಡಿಸಿ ಹರಡಬೇಕೋ, ಫ್ಲೂಟ್ ಮೆಲ್ಲಗಿರುವಾಗ ಸುಮ್ನೆ ಇರಬೇಕೋ ಅನ್ನುವುದು ನುಡಿಸುವವರಿಗೆ ಬಿಟ್ಟದ್ದು. ಹಾಗಾಗಿ ಒಂದೇ ಸೊನಾಟಾವನ್ನು ಇಬ್ಬರು ಬೇರೆ ಕಲಾವಿದರಿಂದ ಕೇಳಿದರೆ ಈ ಬಲಗೈ ಪೂರ್ತಿ ಬೇರೆ ಇರುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಇದೇ ಸಂಗೀತ ಬಾಖ್ ಅವರಲ್ಲೇ ಇನ್ನೊಂದು ರೂಪದಲ್ಲೂ ಇದೆ, ಸಂಖ್ಯೆ 1027. ಅದರಲ್ಲಿ ನುಡಿಸುವವರು ಇಬ್ಬರೇ. ಒಂದು ಫ್ಲೂಟ್‌ನ ಸಾಲು ಒಂದು ಸ್ಥಾಯಿ ಕೆಳಗಿಳಿದು ವಿಯೋಲಾ ದ ಗಾಂಬಾ ಎಂಬ ತಂತಿವಾದ್ಯಕ್ಕೆ ಹೋಗಿದೆ. ಇನ್ನೊಂದು ಫ್ಲೂಟ್‌ನ ಸಾಲು ಹಾರ್ಪ್ಸಿಕಾರ್ಡ್‌ನ ಬಲಗೈಗೆ ಬಂದಿದೆ. ಎಡಗೈಗೆ ಮಂದ್ರ. ಈಗ ಬಲಗೈಗೂ ಸ್ವಂತ ರಾಗ, ಪ್ರತಿ ಸ್ವರವೂ ಬರೆದಿಟ್ಟದ್ದು. ಇವಲ್ಲದೆ ಆರ್ಗನ್‌ಗೆಂದೇ ಬಾಖ್ ಆರು ಟ್ರಿಯೊ ಸೊನಾಟಾ ಬರೆದಿದ್ದಾರೆ, ಕೃತಿಪಟ್ಟಿಯಲ್ಲಿ 525ರಿಂದ 530ರವರೆಗೆ. ಆರ್ಗನ್‌ನಲ್ಲಿ ಪಾದದಿಂದ ಒತ್ತುವ ಕೀಬೋರ್ಡ್ ಕೂಡ ಇರುತ್ತದೆ. ಅಲ್ಲಿ ಒಬ್ಬರೇ ಕೂತು ಎರಡು ಕೈಗೆ ಒಂದೊಂದು ಸಾಲು, ಪಾದಗಳಿಗೆ ಮಂದ್ರದ ಸಾಲು ಹಂಚಿಕೊಂಡು ನುಡಿಸುತ್ತಾರೆ. ನಾಲ್ವರಿರಲಿ, ಇಬ್ಬರಿರಲಿ, ಒಬ್ಬರಿರಲಿ, ಸಾಲು ಮಾತ್ರ ಮೂರೇ.

ಆ ವಿಡಿಯೊ ಇನ್ನೊಮ್ಮೆ ಹಾಕಿ, ಮೊದಲ ಭಾಗ ಕೇಳಿ. ನಿಧಾನದ ಅಡಾಜಿಯೊ. ಒಂದು ಫ್ಲೂಟ್ ರಾಗ ಬಿಡಿಸುತ್ತಾ ಹೋಗುವಾಗ ಇನ್ನೊಂದು ನೀಳವಾಗಿ ಒಂದೇ ಸ್ವರ ಹಿಡಿದಿರುತ್ತದೆ. ಸ್ವಲ್ಪ ಹೊತ್ತಿಗೆ ಸರದಿ ಬದಲಾಗುತ್ತದೆ. ಕಣ್ಣು ಮುಚ್ಚಿದರೆ ಯಾವುದು ಯಾರದು ಅಂತ ಹೇಳುವುದು ಕಷ್ಟ. ಆಮೇಲೆ 1027 ಹಾಕಿ. ಗಾಂಬಾದ ದನಿಯೇ ಬೇರೆ, ಹಾರ್ಪ್ಸಿಕಾರ್ಡ್ ದನಿಯೇ ಬೇರೆ. ಆ ಸರದಿ ಈಗ ಬಿಡಿಬಿಡಿಯಾಗಿ ಕೇಳಿಸುತ್ತದೆ.