ರಾಯಚೂರಿನಲ್ಲಿ ರೈಲು ಹತ್ತಿದರೆ ರಾಜ್ಯಗಳ ಪಟ್ಟಿ ಬೇಡ

ರಾಯಚೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನೋಟ್ಸ್ ತಿರುವಿ ನೋಡಿ. 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ, ಎಲ್ಲವೂ ಅಕಾರಾದಿಯಾಗಿ ಸಾಲುಗಟ್ಟಿ ನಿಂತಿರುತ್ತವೆ. ಬಾಯಿಪಾಠವೂ ಆಗಿರುತ್ತದೆ. ಆದರೆ ಛತ್ತೀಸ್‌ಗಢದ ಪಕ್ಕ ಯಾವ ರಾಜ್ಯ ಎಂದು ಕೇಳಿದರೆ ಉಗುಳು ನುಂಗುತ್ತಾರೆ.

ಮನಸ್ಸು ಒಂದೇ ಸಲಕ್ಕೆ ಹಿಡಿದಿಟ್ಟುಕೊಳ್ಳುವುದು ಸುಮಾರು ಏಳು ಸಂಗತಿ ಅಷ್ಟೇ ಎಂದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. 2001ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ನೆಲ್ಸನ್ ಕೋವನ್ ಅದನ್ನೂ ನಾಲ್ಕರ ಆಸುಪಾಸಿಗೆ ಇಳಿಸಿದರು. ಹಾಗಾಗಿ 28 ಹೆಸರನ್ನು ಬಿಡಿಬಿಡಿಯಾಗಿ ತುರುಕಿ ಪ್ರಯೋಜನವಿಲ್ಲ. ಮೊದಲೇ ಗೊತ್ತಿರುವ ಯಾವುದಕ್ಕಾದರೂ ಗಂಟು ಹಾಕಬೇಕು.

ರಾಯಚೂರಿನವರಿಗೆ ಚೆನ್ನಾಗಿ ಗೊತ್ತಿರುವುದು ರೈಲು. ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿ ಕಡೆ ಹೊರಟರೆ ಸೊಲ್ಲಾಪುರದಲ್ಲಿ ಮಹಾರಾಷ್ಟ್ರ, ಭೋಪಾಲದಲ್ಲಿ ಮಧ್ಯಪ್ರದೇಶ. ಝಾನ್ಸಿ ಬಂತೆಂದರೆ ಉತ್ತರ ಪ್ರದೇಶ. ಮುಗಿಯಿತು ಅಂದುಕೊಳ್ಳಬೇಡಿ, ಗ್ವಾಲಿಯರ್‌ನಲ್ಲಿ ಮತ್ತೆ ಮಧ್ಯಪ್ರದೇಶ! ಧೋಲ್‌ಪುರದಲ್ಲಿ ರಾಜಸ್ಥಾನದ ಒಂದು ಚೂರು, ಆಗ್ರಾದಲ್ಲಿ ಪುನಃ ಉತ್ತರ ಪ್ರದೇಶ, ಫರೀದಾಬಾದ್ ಹಾಯುವಾಗ ಹರಿಯಾಣ, ಆಮೇಲೆ ದಿಲ್ಲಿ. ಗಡಿಗಳ ಈ ಹೆಣಿಗೆ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಪ್ರಾಚೀನ ಗ್ರೀಕ್, ರೋಮನ್ ಭಾಷಣಕಾರರು ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಒಂದು ಮನೆಯ ಕೋಣೆಕೋಣೆಯಲ್ಲಿಟ್ಟು, ಆ ಮನೆಯೊಳಗೆ ನಡೆಯುತ್ತ ನೆನಪಿಸಿಕೊಳ್ಳುತ್ತಿದ್ದರು. ನಮಗೆ ಕೋಣೆಯ ಬದಲು ಸ್ಟೇಷನ್. ಭೂಗೋಳವೂ ಜೊತೆಗೇ ಬರುತ್ತದೆ.

ಮೊದಲಕ್ಷರದ ಸೂತ್ರಗಳೂ ಉಂಟು. ಶಾಲೆಯಲ್ಲಿ ಛಂದಸ್ಸು ಕಲಿತವರು ‘ಯಮಾತಾರಾಜಭಾನಸಲಗಂ’ ಮರೆತಿರಲಿಕ್ಕಿಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತ ಹಾದುಹೋಗುವ ಎಂಟು ರಾಜ್ಯಗಳಿಗೆ ಅದೇ ಧಾಟಿಯಲ್ಲಿ ‘ಗುರಾಮಛಜಾಪತ್ರಿಮಿ’ ಎನ್ನಬಹುದು: ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸ್‌ಗಢ, ಜಾರ್ಖಂಡ್, ಪಶ್ಚಿಮ ಬಂಗಾಳ, ತ್ರಿಪುರಾ, ಮಿಜೋರಾಂ. ಪಡುವಣದಿಂದ ಮೂಡಣಕ್ಕೆ ಸರಿಯಾದ ಕ್ರಮದಲ್ಲೇ ಇವೆ ಎಂಬುದೇ ಇದರ ಬಲ. ಕ್ರಮ ಕೆಡಿಸಿ ಬರೀ ತಮಾಷೆಗೆ ಕಟ್ಟಿದ ‘ಟ್ರಿಕ್ಸ್’ಗಳ ಮೇಲೆ ನನಗೆ ನಂಬಿಕೆ ಕಡಿಮೆ.

ಈಶಾನ್ಯಕ್ಕೆ ಬಂದಾಗ ಮೊದಲಕ್ಷರವೇ ಕೈಕೊಡುತ್ತದೆ. “ಅಣ್ಣಾ, ಮಣಿಪುರ, ಮಿಜೋರಾಂ, ಮೇಘಾಲಯ ಮೂರೂ ಅದಲುಬದಲು ಆಗ್ತಾವ್ರಿ” ಎನ್ನುವ ಹುಡುಗರು ಬೇಕಾದಷ್ಟು. ತಪ್ಪು ಅವರದಲ್ಲ. ಒಂದರಂತೆ ಇನ್ನೊಂದಿರುವ ನೆನಪುಗಳು ಪರಸ್ಪರ ಅಡ್ಡ ಬರುತ್ತವೆ. ಇಲ್ಲಿ ಹೆಸರು ಬಿಟ್ಟು ಜಾಗ ಹಿಡಿಯಿರಿ. ಅಸ್ಸಾಂ ನಡುವೆ ಇರಲಿ. ‘ಸಪ್ತ ಸೋದರಿಯರು’ ಎನ್ನುವ ಈಶಾನ್ಯದ ಏಳು ರಾಜ್ಯಗಳಲ್ಲಿ ಉಳಿದ ಆರಕ್ಕೂ ಅದರ ಗಡಿ ತಾಗುತ್ತದೆ. ಉತ್ತರದಿಂದ ಗಡಿಯಾರದ ಮುಳ್ಳಿನಂತೆ ಸುತ್ತಿ: ಅರುಣಾಚಲ, ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ, ತ್ರಿಪುರಾ, ಮೇಘಾಲಯ. 1975ರಲ್ಲಿ ರಾಜ್ಯವಾದ ಸಿಕ್ಕಿಂ ಮಾತ್ರ ಈ ಸುತ್ತಿನಿಂದಾಚೆ, ಪಶ್ಚಿಮ ಬಂಗಾಳದ ನೆತ್ತಿಯ ಮೇಲೆ.

ಇಷ್ಟಾದ ಮೇಲೆ ಪುಸ್ತಕ ಮುಚ್ಚಿ. ಅಂಗಡಿಯಲ್ಲಿ ಸಿಗುವ ಖಾಲಿ ನಕ್ಷೆ ತಂದು ತುಂಬಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿದರು: ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು, ವಾರ ಕಳೆದ ಮೇಲೆ, ನೋಡದೆ ನೆನಪಿಸಿಕೊಂಡು ಬರೆದವರೇ ಮುಂದಾದರು. ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ತುಂಬಿ, ನಾಲ್ಕು ದಿನ ಬಿಟ್ಟು ಹೊಸ ನಕ್ಷೆ ಹಿಡಿಯಿರಿ. ಅಂದಹಾಗೆ, ಪುದುಚೇರಿಗೆ ಒಂದೇ ಚುಕ್ಕೆ ಇಟ್ಟರೆ ಸಾಲದು. ಪುದುಚೇರಿ ಮತ್ತು ಕಾರೈಕಾಲ್‌ಗೆ ತಮಿಳುನಾಡಿನ ಕರಾವಳಿಯಲ್ಲಿ ಎರಡು, ಮಾಹೆಗೆ ಕೇರಳದ ಕಡೆ ಒಂದು, ಯಾನಂಗೆ ಆಂಧ್ರದ ಗೋದಾವರಿ ಬಯಲಲ್ಲಿ ಇನ್ನೊಂದು.