ಬಾಯಿ ಕಟ್ಟಬೇಕಾದ್ದು ರೋಗಿ ಮಾತ್ರವೇ?

ಬಿಪಿ ಇರುವ ಹಿರಿಯರೊಬ್ಬರು ತೋರಿಸಿಕೊಳ್ಳಲು ಬಂದಿದ್ದರು. ಮಾತ್ರೆ ತಪ್ಪಿಸುವವರಲ್ಲ. ಆದರೂ ಬಿಪಿ ಇಳಿಯುತ್ತಿರಲಿಲ್ಲ. "ಉಪ್ಪು ಕಮ್ಮಿ ಮಾಡಿದ್ದೀರಾ?" ಎಂದೆ. "ಊಟದಲ್ಲಿ ಉಪ್ಪೇ ಇಲ್ಲ ಡಾಕ್ಟ್ರೇ, ನಾಲಿಗೆ ಸತ್ತೇ ಹೋಗಿದೆ" ಎಂದರು. ಸಂಜೆ ಹೊತ್ತು ಏನು ತಿಂತೀರಿ ಎಂದು ಕೇಳಿದಾಗ ಚೀಲದಿಂದ ಕುರುಕಲು ತಿಂಡಿಯ ಪ್ಯಾಕೆಟ್ ಒಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಇದರಲ್ಲಿ ಎಣ್ಣೆ ಕಮ್ಮಿಯಂತೆ. ನೋಡಿ, ಮುಂದೇನೇ ಬರೆದಿದ್ದಾರೆ."

ತಿರುಗಿಸಿ ನೋಡಿದೆವು. ಇಬ್ಬರಿಗೂ ಕನ್ನಡಕ ಬೇಕಾಯಿತು. 100 ಗ್ರಾಂಗೆ ಸೋಡಿಯಂ 800 ಮಿಲಿಗ್ರಾಂ. ಸೋಡಿಯಂ ಉಪ್ಪಿನ ಒಂದು ಭಾಗ ಮಾತ್ರ. ಉಪ್ಪೆಷ್ಟು ಎಂದು ತಿಳಿಯಬೇಕಾದರೆ ಅದನ್ನು 2.5ರಿಂದ ಗುಣಿಸಬೇಕು. ಅಲ್ಲಿಗೆ 2 ಗ್ರಾಂ. ಪ್ಯಾಕೆಟ್‌ನ ತೂಕ 150 ಗ್ರಾಂ. ಪೂರ್ತಿ ಖಾಲಿ ಮಾಡಿದರೆ 3 ಗ್ರಾಂ ಉಪ್ಪು. ಇಡೀ ದಿನಕ್ಕೇ 5 ಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪಕ್ಕದಲ್ಲೇ 'ಒಂದು ಸಲಕ್ಕೆ 25 ಗ್ರಾಂ' ಎಂದೂ ಇತ್ತು. 150 ಗ್ರಾಂ ಪ್ಯಾಕೆಟ್ ಬಿಚ್ಚಿ, 25 ಗ್ರಾಂ ತಿಂದು, ಮಿಕ್ಕಿದ್ದನ್ನು ಎತ್ತಿಡುವ ಮನುಷ್ಯನನ್ನು ನಾನಿನ್ನೂ ನೋಡಿಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಲೆಕ್ಕ ಮಾಡಿದವರೇ ಅದನ್ನ ಮುಂದೆ ಬರೆದಿದ್ರೆ ಆಗ್ತಿರಲಿಲ್ವಾ?" ಎಂದರು.

ಆಗುತ್ತಿತ್ತು. ಚಿಲಿ ದೇಶದಲ್ಲಿ 2016ರಿಂದ ಹಾಗೇ ಮಾಡುತ್ತಿದ್ದಾರೆ. ಸಕ್ಕರೆ, ಸೋಡಿಯಂ, ಕೆಟ್ಟ ಕೊಬ್ಬು, ಕ್ಯಾಲೊರಿ ಇವುಗಳಲ್ಲಿ ಯಾವುದು ಮಿತಿ ಮೀರಿದರೂ ಪ್ಯಾಕೆಟ್‌ನ ಮುಂದೆಯೇ ಕಪ್ಪು ಎಂಟು ಮೂಲೆಯ ಮುದ್ರೆ ಬೀಳುತ್ತದೆ. 'ಇದು ಜಾಸ್ತಿ ಇದೆ', ಅಷ್ಟೇ ಒಕ್ಕಣೆ. ಓದು ಬಾರದ ಮಗುವಿಗೂ ಕಪ್ಪು ಮುದ್ರೆ ಕಾಣುತ್ತದೆ. ಮುದ್ರೆ ಬಿದ್ದ ತಿಂಡಿಯನ್ನು ಶಾಲೆಯೊಳಗೆ ಮಾರುವ ಹಾಗಿಲ್ಲ, ಅದರ ಮೇಲೆ ಕಾರ್ಟೂನ್ ಗೊಂಬೆ ಹಾಕುವ ಹಾಗೂ ಇಲ್ಲ. ಮಿತಿಯನ್ನು ಒಂದೇ ಏಟಿಗೆ ಬಿಗಿ ಮಾಡದೆ 2019ರವರೆಗೆ ಮೂರು ಹಂತದಲ್ಲಿ ಮಾಡಿದರು. ಜನ ಮುದ್ರೆ ನೋಡಿ ಕೊಳ್ಳುವುದನ್ನು ಬಿಟ್ಟರೋ ಇಲ್ಲವೋ ಎಂದು ಎಲ್ಲರೂ ಕೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಬೇರೆ. ಮುದ್ರೆಯಿಂದ ತಪ್ಪಿಸಿಕೊಳ್ಳಲು ಎಷ್ಟೋ ಕಂಪನಿಗಳು ತಮ್ಮ ತಿಂಡಿಯ ಪಾಕವನ್ನೇ ಬದಲಾಯಿಸಿದವು. ಆಗ ಮುದ್ರೆ ಕಡೆ ಕಣ್ಣೆತ್ತಿಯೂ ನೋಡದವನ ಹೊಟ್ಟೆಗೂ ಸಕ್ಕರೆ ಕಮ್ಮಿ ಹೋಗುತ್ತದೆ.

ಇಷ್ಟು ವರ್ಷ ರೋಗಿಗಳಿಗೆ ಪಥ್ಯ ಹೇಳಿ ಹೇಳಿ ಕೊನೆಗೆ ನನಗೆ ಮನದಟ್ಟಾಗಿದ್ದು ಇದೇ. ಬಾಯಿ ಕಟ್ಟು ಎಂದು ತಿನ್ನುವವನಿಗೆ ಹೇಳುವ ಯೋಜನೆಗಿಂತ, ತಯಾರಿಸುವವನ ಕೈ ಹಿಡಿಯುವ ಯೋಜನೆ ಗಟ್ಟಿ. ನನ್ನ ಉಪದೇಶ ಮನೆ ಬಾಗಿಲು ದಾಟುವ ಹೊತ್ತಿಗೇ ಅರ್ಧ ಕರಗಿರುತ್ತದೆ.

ಸಿಹಿ ಪಾನೀಯಗಳ ತೆರಿಗೆ ಇದಕ್ಕೆ ಒಳ್ಳೆ ಉದಾಹರಣೆ. ಮೆಕ್ಸಿಕೋ 2014ರಲ್ಲಿ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಮೊದಲ ಎರಡು ವರ್ಷದಲ್ಲಿ ಖರೀದಿ ಸರಾಸರಿ ಶೇ. 7-8ರಷ್ಟು ಇಳಿಯಿತು. ಕೆಟ್ಟ ಫಲಿತಾಂಶವೇನಲ್ಲ. ಆದರೆ ಅಲ್ಲಿ ತೆರಿಗೆ ಲೀಟರ್ ಲೆಕ್ಕದಲ್ಲಿ. ಪಾನೀಯದಲ್ಲಿ ಸಕ್ಕರೆ ಜಾಸ್ತಿ ಇರಲಿ, ಕಮ್ಮಿ ಇರಲಿ, ಕಟ್ಟುವುದು ಅಷ್ಟೇ. ಅಂದಮೇಲೆ ತಯಾರಕ ಸಕ್ಕರೆ ಯಾಕೆ ಇಳಿಸಬೇಕು? ಬ್ರಿಟನ್ ಚೂರು ಚಾಲಾಕಿತನ ತೋರಿಸಿತು. 100 ಮಿಲಿಲೀಟರ್‌ನಲ್ಲಿ 5 ಗ್ರಾಂಗಿಂತ ಕಮ್ಮಿ ಸಕ್ಕರೆ ಇದ್ದರೆ ತೆರಿಗೆಯೇ ಇಲ್ಲ. 5ಕ್ಕೆ ಮುಟ್ಟಿದರೆ ಲೀಟರಿಗೆ 18 ಪೆನ್ಸ್, 8ಕ್ಕೆ ಮುಟ್ಟಿದರೆ 24 ಪೆನ್ಸ್. ಇದು 2016ರಲ್ಲಿ ಘೋಷಿಸಿ 2018ರಲ್ಲಿ ಜಾರಿಗೆ ತಂದಾಗಿನ ದರ. ನಡುವಿನ ಎರಡು ವರ್ಷ ಸುಮ್ನೆ ಬಿಟ್ಟದ್ದಲ್ಲ. ಪಾಕ ಬದಲಿಸಲು ಕೊಟ್ಟ ಕಾಲಾವಕಾಶ ಅದು. ತೆರಿಗೆ ಶುರುವಾಗುವ ಮೊದಲೇ ಬಹಳ ಕಂಪನಿಗಳು ಸಕ್ಕರೆಯನ್ನು 5 ಗ್ರಾಂಗಿಂತ ಕೆಳಕ್ಕೆ ಇಳಿಸಿಬಿಟ್ಟವು. ಸರ್ಕಾರಕ್ಕೆ ಅಂದುಕೊಂಡಷ್ಟು ದುಡ್ಡು ಬರಲಿಲ್ಲ. ಈ ತೆರಿಗೆಯ ಮಟ್ಟಿಗೆ ದುಡ್ಡು ಬಾರದಿರುವುದೇ ಗೆಲುವು, ಅಲ್ವಾ?

ಸರ್ಕಾರ ಕೈ ಹಾಕಿದ್ದೆಲ್ಲ ಹೀಗೆ ದಡ ಸೇರುತ್ತದೆ ಎಂದುಕೊಳ್ಳಬೇಡಿ. ಡೆನ್ಮಾರ್ಕ್ ಒಂದೇ ದೇಶ ಎರಡೂ ಕಥೆ ಹೇಳುತ್ತದೆ. ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವಾಗ ಟ್ರಾನ್ಸ್ ಫ್ಯಾಟ್ ಹುಟ್ಟುತ್ತದೆ. ಕೆಟ್ಟ ಕೊಲೆಸ್ಟ್ರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುವ, ಹೃದಯಕ್ಕೆ ಎರಡು ಕಡೆಯಿಂದಲೂ ಏಟು ಕೊಡುವ ವಸ್ತು. 2003ರಲ್ಲಿ ಡೆನ್ಮಾರ್ಕ್, ಆಹಾರದ 100 ಗ್ರಾಂ ಕೊಬ್ಬಿನಲ್ಲಿ ಇದು 2 ಗ್ರಾಂ ದಾಟಬಾರದು ಎಂದು ನಿಯಮ ಮಾಡಿತು. ಪ್ರಪಂಚದಲ್ಲಿ ಮೊದಲು ಮಾಡಿದ್ದು ಅದೇ. ಬಿಸ್ಕೆಟ್ ಬಿಸ್ಕೆಟ್ಟಾಗಿಯೇ ಉಳಿಯಿತು, ತಿಂದವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಅದೇ ದೇಶ 2011ರಲ್ಲಿ ಬೆಣ್ಣೆ, ಚೀಸ್, ಮಾಂಸ ಎಲ್ಲದರ ಸ್ಯಾಚುರೇಟೆಡ್ ಕೊಬ್ಬಿನ ಮೇಲೂ ತೆರಿಗೆ ಹಾಕಿತು. ಜನ ಗಡಿ ದಾಟಿ ಜರ್ಮನಿಗೆ ಹೋಗಿ ಕೊಂಡು ತಂದರು. 2013ರ ಜನವರಿಗೆ ತೆರಿಗೆ ರದ್ದಾಯಿತು. ಬೆಣ್ಣೆಯಿಂದ ಕೊಬ್ಬು ತೆಗೆಯಿರಿ ಎಂದರೆ ತಯಾರಿಸುವವನಾದರೂ ಏನು ಮಾಡಿಯಾನು? ಹೊರೆ ನೇರವಾಗಿ ತಿನ್ನುವವನ ತಲೆ ಮೇಲೆ ಬಿತ್ತು.

ಉಪ್ಪಿನ ವಿಷಯ ಇನ್ನೂ ನಾಜೂಕು. ನಾಲಿಗೆಗೆ ಮರೆವು ಜಾಸ್ತಿ. ಉಪ್ಪನ್ನು ಒಮ್ಮೆಲೇ ಅರ್ಧ ಮಾಡಿದರೆ ಸಪ್ಪೆ ಎಂದು ತಟ್ಟೆ ತಳ್ಳುತ್ತೇವೆ. ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋದರೆ ಕೆಲವು ವಾರದಲ್ಲಿ ಅದೇ ಸರಿ ಅನಿಸುತ್ತದೆ. ಬ್ರಿಟನ್ನಿನಲ್ಲಿ ಬ್ರೆಡ್ಡು, ಸೂಪು, ಸಾಸ್ ತಯಾರಿಸುವವರಿಗೆ ಒಂದೊಂದಕ್ಕೂ ಗುರಿ ಕೊಟ್ಟು, ಹತ್ತು ವರ್ಷದಲ್ಲಿ ಮೆಲ್ಲಗೆ ಉಪ್ಪು ಇಳಿಸಿದರು. ಮೂತ್ರ ಪರೀಕ್ಷೆಯಲ್ಲಿ ಅಳೆದ ಸರಾಸರಿ ಉಪ್ಪು ದಿನಕ್ಕೆ 9.5 ಗ್ರಾಂನಿಂದ 2011ರ ಹೊತ್ತಿಗೆ 8.1 ಗ್ರಾಂಗೆ ಬಂತು. ಎಷ್ಟು ಉಪ್ಪು ತಿಂತೀರಿ ಎಂದು ಬಾಯಲ್ಲಿ ಕೇಳಿದರೆ ನಿಜ ಸಿಗುವುದಿಲ್ಲ. ಯಾರೂ ಬೇಕೆಂದು ಸುಳ್ಳು ಹೇಳುವುದಿಲ್ಲ, ಗೊತ್ತಿರುವುದಿಲ್ಲ ಅಷ್ಟೇ. ಮೂತ್ರ ಮಾತ್ರ ದಾಕ್ಷಿಣ್ಯ ನೋಡುವುದಿಲ್ಲ. 24 ಗಂಟೆಯದ್ದನ್ನು ಹಿಡಿದಿಟ್ಟು ಸೋಡಿಯಂ ಅಳೆದರೆ ತಿಂದದ್ದೆಲ್ಲ ಹೊರಬೀಳುತ್ತದೆ.

ಆದರೆ ಈ ಉಪಾಯ ನಡೆಯುವುದು ಉಪ್ಪು ಕಾರ್ಖಾನೆಯಿಂದ ಬರುವ ಕಡೆ. ಅಡುಗೆಮನೆಯ ಡಬ್ಬಿಯಿಂದಲೇ ಹೆಚ್ಚು ಉಪ್ಪು ಬೀಳುವ ಸಮಾಜದಲ್ಲಿ ಪ್ಯಾಕೆಟ್‌ಗೆ ಎಷ್ಟು ಮುದ್ರೆ ಒತ್ತಿದರೂ ಅಷ್ಟಕ್ಕಷ್ಟೇ. ಅಲ್ಲಿ ಉಪ್ಪನ್ನೇ ಬದಲಿಸಬೇಕಾಗುತ್ತದೆ. ಸೋಡಿಯಂನ ಒಂದು ಪಾಲು ತೆಗೆದು ಪೊಟ್ಯಾಸಿಯಂ ಸೇರಿಸಿದ ಉಪ್ಪು ಇದೆ. ಚೀನಾದ ಹಳ್ಳಿಗಳಲ್ಲಿ ಅದನ್ನು ವರ್ಷಗಟ್ಟಲೆ ಬಳಸಿ ನೋಡಿದಾಗ ಪಾರ್ಶ್ವವಾಯು ಕಮ್ಮಿಯಾಯಿತು. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ.

'ನಾವು ಏನು ತಿನ್ನಬೇಕು ಅಂತ ಹೇಳೋಕೆ ಸರ್ಕಾರ ಯಾರು?' ಎಂಬ ಮಾತು ಆಗಾಗ ಕೇಳಿಬರುತ್ತದೆ. ನನಗೂ ಅರ್ಥವಾಗುತ್ತದೆ. ಆದರೆ ಯಾವ ಬೆಳೆಗೆ ಸಹಾಯಧನ, ಯಾವುದಕ್ಕೆ ಆಮದು ಸುಂಕ ಎಂದು ತೀರ್ಮಾನಿಸುವಾಗಲೇ ಸರ್ಕಾರ ನಮ್ಮ ತಟ್ಟೆಯೊಳಗೆ ಕೈ ಇಟ್ಟಾಗಿದೆ. ಗಳಗಂಡ ತಡೆಯಲು ಸ್ವಿಟ್ಜರ್‌ಲೆಂಡಿನಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಲು ಶುರು ಮಾಡಿದ್ದು 1922ರಲ್ಲಿ. ಅದನ್ನು ಇವತ್ತು ಯಾರೂ ಸ್ವಾತಂತ್ರ್ಯಹರಣ ಎನ್ನುವುದಿಲ್ಲ.

ಕಂಪನಿಗಳೂ ಸುಮ್ಮನೆ ಕೂರುವುದಿಲ್ಲ. ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಶುಗರ್ ಕ್ಲಿನಿಕ್ಕಿನ ಬಾಗಿಲ ಪಕ್ಕವೇ ಒಂದು ಯಂತ್ರ ಇತ್ತು. ಕಾಸು ಹಾಕಿದರೆ ತಂಪು ಪಾನೀಯ ಬೀಳುವ ಯಂತ್ರ. ಒಳಗೆ ನಾವು ಪಥ್ಯ ಹೇಳಬೇಕು, ಹೊರಗೆ ಕ್ಯಾನು ದಡ್ ಎಂದು ಬೀಳಬೇಕು. ಅದನ್ನು ತೆಗೆಸಲು ಎಂಟು ತಿಂಗಳು ಪತ್ರ ಬರೆದೆ. ಬಾಡಿಗೆ ಬರುತ್ತದೆ, ಗುತ್ತಿಗೆ ಮುಗಿಯಲಿ ಎನ್ನುತ್ತಿದ್ದರು. ಕೊನೆಗೊಂದು ದಿನ ಪಾನೀಯದ ಕ್ಯಾನುಗಳು ಮಾಯವಾದವು. ಅವುಗಳ ಜಾಗದಲ್ಲಿ ಹಣ್ಣಿನ ಚಿತ್ರವಿದ್ದ ಜ್ಯೂಸ್ ಡಬ್ಬಿಗಳು ಬಂದು ಕೂತಿದ್ದವು. ಒಂದನ್ನು ಕೊಂಡು ಹಿಂಬದಿ ಓದಿದೆ. 100 ಮಿಲಿಲೀಟರಿಗೆ 11 ಗ್ರಾಂ ಸಕ್ಕರೆ. ಕೂತು ಇನ್ನೊಂದು ಪತ್ರ ಬರೆದೆ.